ಒಡಕ ಗಡಗ್ಯಾಗಿನ ಗಿಡ

…ಏನಂದ? ಇನ್ನೊಮ್ಮಿ ಹೇಳು! "ಗಂಗಾಬಾಯಿ, ಕುಂಡಿ ತೋರಸ್ರಿ" ಅಂದನಾ? ಅಯ್ಯ ಶಿವನೇ! ಊರ ಹುಡುಗರಿಗಿ ಅಕ್ಷರ ಕಲಸೋ ಅಂಬಾದಾಸ ಮಾಸ್ತರ, ನಮ್ಮ ಪಡಸಾಲ್ಯಾಗ ಕುಂತು, ಉಮರಗಾದ ಅರಿವಿ ಸಾವಕಾರರ ಸಣ್ಣ ಸೊಸಿಗಿ… ಯಾಕ ನಗತಿ ಗಂಗಾ? ನಗಬ್ಯಾಡ! ಹೌದವ್ವಾ, ನನಗೂ ಗೊತ್ತದ, ಮರಾಠ್ಯಾಗ ಕುಂಡಿ ಅಂದ್ರ ಗಿಡಾ ಹಚ್ಚೋ ಗಡಗಿ. ಅವರಿಗಿ ಗಡಗಿ, ನಮಗ… ಬಿಡು. ಯಾರ ಮನ್ಯಾಗ ಏನ್ ಮಾತಾಡಬೇಕು ಗೊತ್ತಿಲ್ಲದಾಂವಗ ಗಿಡದ ಹೆಸರ ಗೊತ್ತಿರ್ತದಾ!

"ರಂಭಕ್ಕ ಊರಾಗಿಲ್ಲ, ಬರ್ರಿ" ಅಂತ ಡಂಗುರ ಹೊಡಸಿದೇನ್? ಹದಿನೈದು ದಿನ ನಿಲಂಗಾಕ್ಕ ತವರಮನಿಗಿ ಹೋಗಿ ಬರೋದ್ರಾಗ ಮನಿ ತುಂಬ ಪಂಡಿತರ ಸಂತಿ! ಒಂದು ಗಿಡದ ಸಲುವಾಗಿ! ನಿನ್ನ ಗಂಡ, ನನ್ನ ಶಾಣ್ಯಾ ಮೈದುನ, ಸೀರಿ ಗಂಟು ತರಲಿಕ್ಕ ಹೈದರಾಬಾದಿಗಿ ಹೋಗಿ ಯಾವನೋ ನವಾಬನ ತ್ವಾಟದ ಗಿಡಾ ಹೊತ್ಕೊಂಡು ಬಂದ. ಹೆಸರ ಕೇಳ್ಯಾನಾ? ಇಲ್ಲ! ಎರಡು ವರ್ಷಾತು. ಹೂವಿಲ್ಲ, ಮುಳ್ಳಿಲ್ಲ, ಕಾಯಿಲ್ಲ. ದಪ್ಪ ದಪ್ಪ ಎಲಿ ಬಿಟ್ಕೊಂಡು ಕುಂತದ, ಉಂಡು ಮಲಗಿದ ಎಮ್ಮಿ ಹಂಗ.

ಹಕೀಮ ಏನಂದ? ಘೀಕವಾರ! ಅಂವಗ ಕಣ್ಣರೆ ಕಾಣಸ್ತಾವಾ? ಅವರ ಘೀಕವಾರ ಅಂದ್ರ ನಮ್ಮ ಲೋಳಸರ. ಅದರ ಎಲಿ ಕತ್ತಿ ಹಂಗ ಉದ್ದ ಇರ್ತದ, ಕೂಸಿಗೂ ಗೊತ್ತು. ಮತ್ತ ಅಯ್ಯನೋರು? ಭೂತಾಳಿ! ಭೂತಾಳಿ ಹೊಲದ ಬದುವಿಗಿ ಇರ್ತದ, ನಾರ ತಗದು ಹಗ್ಗಾ ಹೊಸೀತಾರ. ಇದರಿಂದ ಒಂದು ಮೊಳ ಹಗ್ಗಾ ಹೊಸದು ತೋರಸಲಿ ಅಯ್ಯನೋರು, ನಾ ಪಾದೋದಕ ಎರಡೆರಡು ಸಲ ತಗೋತೀನಿ!

ಇದು ಕಳ್ಳಿ. ಹಾಲಗಳ್ಳಿ ಜಾತಿ. ನಾ ಮೊದಲಿಂದ ಹೇಳ್ಲಕತ್ತೀನಿ. ಮುಟ್ಟಿದ್ರ ಹಾಲು ಸಿಡೀತದ, ಕಣ್ಣ ಹೋಗ್ತಾವ. ಅದಕ್ಕೇ ಯಾರಿಗೂ ಹತ್ರ ಬಿಡಂಗಿಲ್ಲ ನಾ. ನಾನೇ ನೀರ ಹಾಕ್ತೀನಿ, ನಾನೇ… ಏನು? ಮುರದಿ? ಎಲಿ ಮುರದಿ? ಹಾಲ ಬರಲಿಲ್ಲಾ? ಬರೇ ನೀರಾ… ಹಾಂ, ಬ್ಯಾಸಿಗಿ ಅಲ್ಲಾ. ಬ್ಯಾಸಿಗ್ಯಾಗ ಎಮ್ಮಿಗೂ ಹಾಲ ಕಡಿಮಿ.

ಈಗ ಯಾಕ ನಗವಲ್ಲಿ? ಈಗರೆ ನಗತಿದ್ದಿ.

ಯಾರು, ಕುಸುಮಬಾಯಿ? ಗಿಡದ ಮಾತಿನ್ಯಾಗ ಆ ಭಾಂಡೆ ತಿಕ್ಕೋಳು ಯಾಕ ಬಂದ್ಲು? ಯೆಣೆಗೂರಿಂದ ನಡಕೋತ ಬಂದಾಳಾ? ನೀ ರೊಟ್ಟಿ ಕೊಟ್ಟಿ! ಭೇಷ್! ಎರಡು ವರ್ಷದ ಹಿಂದ ಅತ್ತಿ ಲಿಂಗೈಕ್ಯ ಆಗಿ ಮೂರು ದಿನ ಆಗಿರಲಿಲ್ಲ, ಆಕಿ ಬೆಳ್ಳಿ ಗುಂಡಗಡಗಿ ಹೋತು. ಲಿಂಗಾ ಅಂಗೈಯಾಗ ಇಟ್ಟು ಮಣ್ಣ ಕೊಟ್ಟೇವಿ, ಲಿಂಗಾ ಇಟ್ಟು ಕೊರಳಾಗ ಹಾಕ್ಕೊಳ್ಳೋ ಗುಂಡಗಡಗಿ ದೇವರ ಮನ್ಯಾಗ ಉಳದಿತ್ತು. ಅಲ್ಲಿ ಕಸಾ ಹೊಡದಾಕಿ ಆಕಿ ಒಬ್ಬಾಕೇ. ಪೋಲೀಸ ಅಮೀನಸಾಬ ಬಂದು ಆಕಿ ಗುಡಸಲಾ ಕೆದರಿ ನೋಡಿದ. ಸಿಗಲಿಲ್ಲ. ಸಿಗಲಿಲ್ಲಂದ್ರ ತಗೊಂಡಿಲ್ಲಂತ ಅರ್ಥೇನು? ಆಮ್ಯಾಲ ಊರಾಗ ಯಾರೂ ಆಕಿಗಿ ಹೊಸ್ತಿಲ ದಾಟಗೊಡಲಿಲ್ಲ. ಮಕ್ಕಳ ಕಟಗೊಂಡು ಊರ ಬಿಟ್ಲು. ನಾ ಏನ್ ಮಾಡ್ಲಿ? ಆಕಿ ಹಣೇಬರಾ.

ಹಂಗ ನೋಡಬ್ಯಾಡ ನನಗ. ಗುಂಡಗಡಗಿ ನಿನಗ ಬರೋದಿತ್ತು, ಗೊತ್ತದ. "ಸಣ್ಣಾಕಿಗಿ ಕೊಡ್ರಿ" ಅಂತ ಅಂದೇ ಸತ್ಲು ಮುದುಕಿ. ಸಣ್ಣಾಕಿಗಿ! ಹದಿನೆಂಟು ವರ್ಷ ಆಕಿ ಮಾತ ತಿಂದಾಕಿ ನಾ. ಕಡೀ ಎರಡು ವರ್ಷ ಆಕಿ ಹಾಸಗ್ಯಾಗಿನ ಹೇಲುಚ್ಚಿ ಬಳದಾಕಿ ನಾ. ನೀ ಬಂದು ಎಷ್ಟು ದಿನ ಆಗಿತ್ತು? ಒಂದು ಉಗಾದಿ, ಒಂದು ದಸರಾ! ನನ್ನ ಹೊಟ್ಟಿ ಉರೀಬಾರದಾ? ಉರೀತು! ಇವತ್ತಿಗೂ ಉರೀತದ! ಹೊಟ್ಟಿ ಉರದಾಕ್ಷಣ ಕೈ ಹೊಲಸ ಆಗ್ತಾವೇನ?

ಮಾತ ಎಲ್ಲಿಂದ ಎಲ್ಲಿಗಿ ತಂದಿ ನೋಡು. ಗಿಡದ್ದು ಹೇಳು. ಮಾಸ್ತರ ಕಡೀಕ ಏನಂದ? ಪಾನಫುಟಿ! ಎಲಿ ಹಸಿ ಮಣ್ಣಿನ ಮ್ಯಾಲ ಇಟ್ರ ಅಂಚಿಗಿ ಮರಿ ಒಡೀತಾವಂತಾ? ಎಲಿ ಹಡೀತದಾ! ಇನ್ನ ಅಂವಾ ಕಲ್ಲ ಹಾಲ ಕರೀತದ ಅಂತಾನ, ನೀ ಚರಿಗಿ ಹಿಡಕೊಂಡು ಕುಂಡ್ರು!

…ಒಡದಾವಾ? ತೋರಸು. ಆ ತಾಟಿನ್ಯಾಗಾ? ಅಯ್ಯ… ಹೌದಲ್ಲ. ಅಂಚಿಗುಂಟ ಸಣ್ಣ ಸಣ್ಣವು, ಕೂಸಿಗಿ ಹಲ್ಲ ಬಂದಂಗ. ಆತವ್ವಾ, ಪಾನಫುಟಿ. ಮಾಸ್ತರ ಗೆದ್ದ, ನಾ ಸೋತೆ. ಸಮಾಧಾನಾತಾ?

ಈ ಮಣ್ಣ ಎಲ್ಲಿಂದ ತಂದಿ?

ಹಿತ್ತಲದ್ದಲ್ಲ ಇದು. ಇದಕ್ಕ ಒಲಿ ಬೂದಿ ಕಲಸೇದ. ಬೂದಿ ನಾ ಕಲಸೀದ್ದು, ಆ ಒಡಕ ಗಡಗ್ಯಾಗ… ಎಷ್ಟು ತಗದಿ ಗಂಗಾ? ಮ್ಯಾಲಿನ ಮಣ್ಣಷ್ಟೇ ತಗದಿ ಅಲ್ಲಾ? ಒಂದು ಹಿಡಿ… ತಾಟು ತುಂಬೇದಲ್ಲ. ತಳಾ ಮಟ ಕೆದರಿದೇನ್?

ಇಷ್ಟೊತ್ತು ನಾ ಒದರೋದು ಕೇಳ್ಕೋತ ಯಾಕ ಕುಂತಿದ್ದಿ? ಕುಸುಮಬಾಯಿ ಹೋದ್ಲೋ… ಇನ್ನೂ ಹೊರಗ ಕಟ್ಟಿ ಮ್ಯಾಲ ಇದ್ದಾಳಾ?

ಆ ಸೆರಗಿನ ಗಂಟಿನ್ಯಾಗ ಏನದ? ಬಿಚ್ಚಬ್ಯಾಡ. ಬ್ಯಾಡ ತಂಗಿ, ನಿನ್ನ ಕಾಲ… ಬಿಚ್ಚಬ್ಯಾಡ.

…ಬೆಳ್ಳಿ ಕರ್ರಗಾಗೇದ ನೋಡು. ಅತ್ತಿ ದಿನಾ ಬೂದಿ ಹಚ್ಚಿ ತಿಕ್ತಿದ್ಲು, ಫಳಾಫಳಾ ಅಂತಿತ್ತು. ನಾ ಒಂದು ದಿನಾನೂ ಹೊರಗ ತಗೀಲಿಲ್ಲ. ತಗದು ಎಲ್ಲಿ ಹಾಕ್ಕೊಳ್ಳಿ? ಯಾರಿಗಿ ತೋರಸ್ಲಿ?

ಅನ್ನು. ಏನರೆ ಅನ್ನು! ಹೊರಗಿನಾಕಿಗಿ ಕರದು ಆಕಿ ಮುಂದರೆ ಅನ್ನು… ಅಲ್ಲ, ನೀ ಯಾಕ ಅಂತಿ? ಎರಡು ವರ್ಷದಿಂದ ನಾನೇ ಒದರ್ಲಕತ್ತೀನಲ್ಲ, ಗಡಗಿ ಮುಂದ ನಿಂತು, ಬಂದವರಿಗಿ ಹೋದವರಿಗಿ… ಇಲ್ಲೇ ಅದ ಕಳ್ಳಿ, ಹತ್ರ ಬರಬ್ಯಾಡ್ರಿ, ಇಲ್ಲೇ ಅದ ಕಳ್ಳಿ.