ಸೂಜಿಬಾಯಿಗೆ ಇಟ್ಟ ಎಂಜಲು

ಮೆಕಾಂಗ್ ನದಿ ಕೆಂಪಗೆ ಉಬ್ಬಿಕೊಂಡು ಹರಿಯುವ ತಿಂಗಳು. ಲುವಾಂಗ್ ಪ್ರಬಾಂಗಿನ ಹಳೆಯ ವಿಹಾರಗಳ ಸೂರುಗಳಿಂದ ಮಧ್ಯಾಹ್ನವಿಡೀ ನೀರು ಹಗ್ಗದ ಹಾಗೆ ಇಳಿಯುತ್ತಲೇ ಇತ್ತು. ವಿಹಾರ ನೋಡಲು ಬಂದಿದ್ದ ಪರದೇಶದವರೆಲ್ಲ ಪ್ಲಾಸ್ಟಿಕ್ ಅಂಗಿ ಎಳೆದುಕೊಂಡು ತಂಗುಮನೆಗಳಿಗೆ ಓಡಿಹೋಗಿದ್ದರು. ಅವರು ಬಿಟ್ಟುಹೋದ ಕೆಸರಿನ ಹೆಜ್ಜೆ, ಕುಡಿದು ಎಸೆದ ಎಳನೀರ ಬುರುಡೆ, ಬುರುಡೆಗೆ ಮುತ್ತಿಕೊಂಡ ನೊಣ, ಇಷ್ಟು ಮಾತ್ರ ಅಂಗಳದಲ್ಲಿ ಉಳಿದಿತ್ತು.

ಕಮಲದ ವಿಹಾರದ ಚಾವಡಿಯಲ್ಲಿ ಕೇರಿಯ ಹೆಂಗಸರು ಬಾಳೆಎಲೆ ಹರವಿಕೊಂಡು ಸತ್ತವರ ಪೊಟ್ಟಣ ಕಟ್ಟುತ್ತ ಕುಳಿತಿದ್ದರು. ನಾಳೆ ಅಮಾವಾಸ್ಯೆ. ವರ್ಷಕ್ಕೊಮ್ಮೆ ನರಕದವರಿಗೆ ಬಿಡುವು ಸಿಗುವ ದಿನ. ಬೆಳಕು ಹರಿಯುವ ಮೊದಲೇ ಮನೆಮನೆಯವರು ಬಂದು, ಅಂಟಕ್ಕಿಯ ಅನ್ನ, ಒಂದು ತುಂಡು ಮೀನು, ಬಾಳೆಹಣ್ಣು, ಒಂದು ಎಲೆಅಡಿಕೆ ಸೇರಿಸಿ ಕಟ್ಟಿದ ಪೊಟ್ಟಣಗಳನ್ನು ಗೋಡೆಯ ಬುಡದಲ್ಲಿ, ಮರದ ಬೇರಿನ ಸಂದಿನಲ್ಲಿ, ಬರೀ ನೆಲದ ಮೇಲೆ ಇಟ್ಟು, ಸತ್ತವರ ಹೆಸರು ಹಿಡಿದು ಕರೆದು ಹೋಗಬೇಕು.

ಮನಿವೊನ್ ಕಂಬಕ್ಕೆ ಒರಗಿ ಕುಳಿತಿದ್ದಳು. ಅವಳ ಪೊಟ್ಟಣಗಳು ಮನೆಯಲ್ಲೇ ಕಟ್ಟಿಯಾಗಿದ್ದವು. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಮಗ್ಗುಲಿಗೆ ಇಟ್ಟುಕೊಂಡಿದ್ದಳು. ಅವಳ ತಾಯಿ ತೀರಿಕೊಂಡು ಏಳು ತಿಂಗಳಾಗಿತ್ತು. ತಾಯಿಗೆ ಇಡುವ ಮೊದಲ ಪೊಟ್ಟಣ ಇದು. ಒಳಗಿದ್ದ ಅನ್ನ ಎಲ್ಲಿಯದೆಂದು ಮನಿವೊನ್‌ಗೆ ಒಬ್ಬಳಿಗೇ ಗೊತ್ತಿತ್ತು. ಬೆಳಿಗ್ಗೆ ಪ್ರವಾಸಿಗಳನ್ನು ವಿಹಾರದಿಂದ ವಿಹಾರಕ್ಕೆ ಕರೆದೊಯ್ಯುವವಳು ಅವಳು, ಸಂಜೆ ತಂಗುಮನೆಯಲ್ಲಿ ಅದೇ ಪ್ರವಾಸಿಗಳ ತಟ್ಟೆ ತೊಳೆಯುವವಳೂ ಅವಳೇ. ತಟ್ಟೆಯಲ್ಲಿ ಅವರು ಬಿಟ್ಟ ಅನ್ನದ ಉಂಡೆಗಳನ್ನು, ಹಲ್ಲು ಕಚ್ಚಿದ ಗುರುತು ಇದ್ದವನ್ನೂ, ತುಟಿಯ ಕೆಂಪು ಹತ್ತಿದವನ್ನೂ, ಕೂಡಿಸಿ ತಂದು ಮತ್ತೆ ಹಬೆಯಲ್ಲಿ ಬೇಯಿಸಿದ್ದಳು. ಮನೆಯ ಒಳ್ಳೆಯ ಅನ್ನ ಭಿಕ್ಷುಗಳ ಪಾತ್ರೆಗೆ ಹಾಕಲು ಸಾಲುಗಟ್ಟುವ ಪ್ರವಾಸಿಗಳಿಗೆ ಮಾರುವುದಕ್ಕೆ ಬೇಕಿತ್ತು. ತಾಯಿ ಹಾಸಿಗೆ ಹಿಡಿದು ಮಲಗಿದ್ದಾಗಲೂ ಇದೇ ಅನ್ನವನ್ನೇ ತಿನ್ನಿಸಿದ್ದಳು. ಆ ಮುದುಕಿ ಮಗಳ ಮುಖವನ್ನೇ ನೋಡುತ್ತ ನುಂಗಿದ್ದಳು. ಬದುಕಿದ್ದಾಗ ತಿಳಿಯದ್ದು ಸತ್ತ ಮೇಲೆ ತಿಳಿಯುತ್ತದೆಯೇ? ಆ ಒಂದು ಧೈರ್ಯದ ಮೇಲೆ ಮನಿವೊನ್ ಕುಳಿತಿದ್ದಳು.

“ಏನೇ, ಮನೇಲೇ ಕಟ್ಕೊಂಡ್ ಬಂದ್ಬಿಟ್ಟಿದ್ದೀಯ?” ಪಕ್ಕದ ಮನೆಯ ತೊಂಗ್ದಿ ಕೇಳಿದಳು. “ನಮ್ ಕೈ ಗಲೀಜು ಅಂತಲಾ?”

“ಕೈಯಲ್ಲ ತೊಂಗ್ದಕ್ಕ, ನಿನ್ ಮೂಗು ಸೋರ್ತಿದೆ ಅಂತ.”

“ಸೋರ್ಲಿ ಬಿಡೇ. ನಮ್ ಮಾವ ಬದುಕಿದ್ದಾಗ ಉಪ್ಪು ಸಾಲ್ದು ಸಾಲ್ದು ಅಂತ ಕೂಗಾಡ್ತಿದ್ರು. ಈ ವರ್ಷ ಸರಿಹೋಗತ್ತೆ.”

ಹೆಂಗಸರು ನಕ್ಕರು. ನಗದೆ ಉಳಿದವಳು ಓನ್‌ಕೇವ್ ಅಜ್ಜಿ ಒಬ್ಬಳು. ಎಂಬತ್ತರ ಹತ್ತಿರದ ಆ ಮುದುಕಿ ಎಲೆ ಮಡಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, ಮೂಗು ಎತ್ತಿ ಗಾಳಿಯನ್ನು ಎಳೆದುಕೊಂಡಳು.

“ಎಲ್ಲೋ ಹುಳಿ ವಾಸನೆ.”

“ನನ್ ಮೀನಿನ ಗೊಜ್ಜು ಇರ್ಬೇಕು ಅಜ್ಜಿ. ಮೂರು ವರ್ಷ ಹುದುಗಿಸಿಟ್ಟಿದ್ದು.”

“ಮೀನು ಕೊಳೆತಿದ್ದು ನಂಗ್ ಗೊತ್ತಾಗಲ್ವಾ ತೊಂಗ್ದಿ? ಅದು ಊಟದ ವಾಸನೆ. ಇದು ಬಾಯಿ ವಾಸನೆ.”

ಮನಿವೊನ್ ಒದ್ದೆ ಬಟ್ಟೆಯನ್ನು ಬುಟ್ಟಿಯ ಅಂಚಿಗೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದಳು. ಮಳೆ ಹೊರಗೆ ಜೋರಾಯಿತು. ಅಜ್ಜಿ ಯಾರ ಕಡೆಗೂ ನೋಡದೆ ಎಲೆಯ ಮೇಲೆ ಕಣ್ಣಿಟ್ಟು ಶುರುಮಾಡಿದಳು.

“ಕೈ ನಿಲ್ಲಿಸ್ಬೇಡಿ, ಕಟ್ತಾನೇ ಕೇಳಿ. ರಾಜ ಇನ್ನೂ ಅರಮನೇಲಿದ್ದ ಕಾಲ ಅದು, ನಂಗೆ ಹದಿನೆಂಟು. ನದಿ ದಂಡೇಲಿ ದೊಡ್ಡದೊಂದು ತಂಗುಮನೆ, ಹಳೇ ವಿಹಾರ ನೋಡೋಕೆ ಬರೋ ಬಿಳಿ ಜನ ಅಲ್ಲೇ ಇಳಿಯೋರು. ಅಲ್ಲಿ ಬುವಾವನ್ ಅಂತ ಒಬ್ಳು ತಟ್ಟೆ ತೊಳೀತಿದ್ಳು, ಅವಳ ಜೊತೆ ನಾನೂ ತೊಳೀತಿದ್ದೆ. ಬಿಳೀ ಜನಕ್ಕೆ ಅಂಟಕ್ಕಿ ಅನ್ನ ತಿನ್ನೋಕೆ ಬರ್ತಿತ್ತಾ ಹೇಳಿ? ಒಂದ್ ತುತ್ತು ಕಚ್ಚೋರು, ಅಗೀಲಾರ್ದೆ ತಟ್ಟೆಗೇ ಉಗಿಯೋರು, ಅದ್ರ ಮೇಲೇ ಸಿಗರೇಟು ಒತ್ತಿ ಆರ್ಸೋರು… ಬುವಾವನ್ ಏನ್ಮಾಡೋಳು ಗೊತ್ತಾ? ಬೂದಿ ಬೆರಳಲ್ಲಿ ಕೆರೆದು ತೆಗೆದು, ಆ ಉಂಡೇನೆಲ್ಲ ಒಂದು ಮಡಕೆಗೆ ಹಾಕ್ಕೊಂಡು ಮನೆಗೆ ಒಯ್ಯೋಳು. ನಾಯಿಗೆ ಅಂದ್ಕೊಂಡೆ. ಅವಳ ಮನೇಲಿ ನಾಯೀನೇ ಇರ್ಲಿಲ್ಲ.

“ಆ ವರ್ಷ ಅವಳ ತಾಯಿ ಸತ್ತಿದ್ಲು. ಹಬ್ಬದ ಹಿಂದಿನ ದಿನ ಈ ಚಾವಡೀಲೇ, ಇದೇ ಹಲಗೆ ಮೇಲೆ ಕೂತು ಪೊಟ್ಟಣ ಕಟ್ಟಿದ್ವಿ. ಅವಳ ಅನ್ನ ಎಲೆಗೆ ಬಿದ್ದಾಗ ನಂಗೆ ವಾಸನೆ ಬಂತು. ಬೇರೆಯವರ ಜೊಲ್ಲು ಮತ್ತೆ ಬಿಸಿ ಆದ್ರೆ ಹ್ಯಾಗಿರತ್ತೆ… ನಿಮ್ಗೆ ಗೊತ್ತಿರಲ್ಲ, ಗೊತ್ತಾಗೋದೂ ಬೇಡ. ಒಂದು ಉಂಡೇಲಿ ಹಳದಿ ಕೂದಲು ಸುತ್ಕೊಂಡಿತ್ತು. ನೋಡ್ದೆ. ಅವಳೂ ನಾನ್ ನೋಡಿದ್ದನ್ನ ನೋಡಿದ್ಳು. ನಾನೇನಂದೆ? ಏನೂ ಅನ್ಲಿಲ್ಲ. ಭಿಕ್ಷುಗಳಿಗೆ ಎಂಜಲು ಹಾಕ್ಬಾರ್ದು ಅಂತ ಮೊಲೆಹಾಲು ಕುಡಿಯೋ ಮಗೂಗೂ ಗೊತ್ತು. ಸತ್ತೋರಿಗೆ ಹಾಕಿದ್ರೆ ಯಾರು ಬಂದು ಕೇಳ್ತಾರೆ ಅಂದ್ಕೊಂಡೆ.

“ಬೆಳಗಿನ ಜಾವ ಎಲ್ರೂ ಇಟ್ಟು ಹೋದ್ವಿ. ಬಿಸಿಲು ಬಂದ್ಮೇಲೆ ಬುವಾವನ್ ಮತ್ತೆ ನಾನು ಇಬ್ರು ಬಿಳಿಯರನ್ನ, ಗಂಡ ಹೆಂಡ್ತಿ, ಈ ವಿಹಾರ ತೋರ್ಸೋಕೆ ಕರ್ಕೊಂಡ್ ಬಂದ್ವಿ. ಒಳಗೆ ಬಲಗಡೆ ಗೋಡೇಲಿ ನರಕದ ಚಿತ್ರ ಇದೆಯಲ್ಲ, ಬೆಟ್ಟದಷ್ಟು ಹೊಟ್ಟೆ, ಸೂಜಿ ಕಣ್ಣಿನಷ್ಟು ಬಾಯಿ, ಎಷ್ಟು ತಿಂದ್ರೂ ಗಂಟಲಿಗಿಳೀದೆ ಸಾಲಾಗಿ ನಿಂತಿರೋ ಪ್ರೇತಗಳು… ಆ ಬಿಳಿ ಹೆಂಗ್ಸು ಒಂದು ಪ್ರೇತದ ಮುಖಕ್ಕೆ ಬೆರಳಿಟ್ಟು ‘ಇದೇನು ಒದ್ದೆ ಇದೆ’ ಅಂದ್ಲು. ಬೆರಳು ಮೂಸಿ, ಹೊರಗೆ ಓಡಿ, ಮೆಟ್ಟಿಲ ಮೇಲೇ ವಾಂತಿ ಮಾಡ್ಕೊಂಡ್ಲು. ನಾನು ಗೋಡೆ ಹತ್ರ ಹೋದೆ. ಇನ್ನೂರು ವರ್ಷದ ಹಳೇ ಚಿತ್ರದ ಬಾಯಿಂದ ಜೊಲ್ಲು ಇಳೀತಿತ್ತು ಕಣ್ರೇ. ಗೋಡೆ ಉದ್ದಕ್ಕೂ, ಬಸವನಹುಳ ಹರಿದ ಹಾಗೆ ಬೆಳ್ಳಗೆ, ಅದ್ರಲ್ಲಿ ಒಂದೊಂದು ಅಗುಳು. ಬುವಾವನ್ ಜೊಲ್ಲು ನೋಡ್ತಿರ್ಲಿಲ್ಲ, ಆ ಪ್ರೇತದ ಮುಖ ನೋಡ್ತಿದ್ಳು. ‘ಅಮ್ಮ’ ಅಂದ್ಲು… ಅಷ್ಟೇ.

“ಅಲ್ಲಿಂದ ಗೋಡೆ ಬುಡಕ್ಕೆ ಹೋಗಿ ಅವಳಿಟ್ಟಿದ್ದ ಪೊಟ್ಟಣ ನೋಡಿದ್ವಿ. ಬೇರೆಯವರದ್ದನ್ನ ನಾಯಿ ಎಳೆದಾಡಿದ್ವು, ಇರುವೆ ಮುತ್ತಿದ್ವು, ಅದು ಸರಿ. ಇವಳದ್ದನ್ನ ಒಂದು ಇರುವೇನೂ ಮುಟ್ಟಿರ್ಲಿಲ್ಲ. ಕಟ್ಟು ಕಟ್ಟಿದ ಹಾಗೇ ಇತ್ತು. ಎಲೆ ನಡುವೆ ಒಂದು ತೂತು, ಸೂಜಿ ಚುಚ್ಚಿದಷ್ಟೇ. ಕೈಗೆತ್ಕೊಂಡ್ರೆ ಸತ್ತ ಕಪ್ಪೆ ಹಾಗೆ ಕುಸೀತು. ಒಳಗೆ ಅನ್ನ ಇರ್ಲಿಲ್ಲ, ಬರೀ ಲೋಳೆ.

“ಅಷ್ಟಕ್ಕೇ ಮುಗೀತು ಅಂದ್ಕೊಂಡ್ರಾ? ಎಂಜಲು ತಿನ್ನಿಸಿ ರುಚಿ ಹತ್ತಿಸಿದ್ಮೇಲೆ ಪ್ರೇತ ಎಂಜಲನ್ನೇ ಹುಡ್ಕೊಂಡ್ ಬರತ್ತೆ. ಎಂಜಲು ಎಲ್ಲಿರತ್ತೆ ಹೇಳಿ… ತಟ್ಟೇಲಾ? ಅಲ್ಲ ಕಣ್ರೇ. ಬಾಯೊಳಗೆ. ಬುವಾವನ್ ಅವತ್ತು ಮಧ್ಯಾಹ್ನ ನನ್ನೆದುರಿಗೇ ಬಿಸಿ ಅನ್ನ ಬಾಯಿಗಿಟ್ಲು. ಅಗಿದ್ಳು, ಅಗಿದ್ಳು. ನುಂಗೋಕೆ ಹೋದ್ರೆ ಬಾಯಲ್ಲಿ ಏನೂ ಇಲ್ಲ. ನಾಲಿಗೆ ಮೇಲೆ ಹುಳಿ ಲೋಳೆ ಒಂದು ಬಿಟ್ಟು. ಇನ್ನೊಂದು ತುತ್ತು, ಅದೂ ಅಷ್ಟೇ. ದಿನಕ್ಕೆ ಒಂದು ಕುಕ್ಕೆ ಅನ್ನ ಅಗಿಯೋಳು, ಎದೆ ಮೂಳೆ ಎಣಿಸೋ ಹಾಗಾದ್ಲು. ತುಟಿ ಸುತ್ತ ಬೇರೆ ಯಾರೋ ನೆಕ್ಕಿದ ಹಾಗೆ ಯಾವಾಗ್ಲೂ ಒದ್ದೆ. ಒರೆಸಿ ಒರೆಸಿ ಚರ್ಮ ಸುಲಿದು ಕೀವು ತುಂಬ್ಕೊಂಡಿತ್ತು, ಪಕ್ಕ ಕೂರೋಕೆ ಆಗ್ತಿರ್ಲಿಲ್ಲ. ನಾನೂ ಕೂರ್ಲಿಲ್ಲ. ಚಳಿ ಶುರುವಾಗೋ ಹೊತ್ತಿಗೆ ಹೋದ್ಲು. ಸತ್ತೋರ ಬಾಯಿಗೆ ನಾಣ್ಯ ಇಡ್ಬೇಕಲ್ಲ, ಇಡೋಕೆ ಹೋದ್ರೆ… ನಾಣ್ಯ ತೂರೋಷ್ಟು ಬಾಯಿ ಇರ್ಲಿಲ್ಲ.”

ಚಾವಡಿಯಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ತೊಂಗ್ದಿ ತನ್ನ ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡಳು.

“ಊಟಕ್ಕೆ ಮುಂಚೆ ಹೇಳೋ ಕತೇನಾ ಅಜ್ಜಿ ಇದು?”

“ಅವತ್ತು ನಾನೊಂದ್ ಮಾತು ಆಡಿದ್ರೆ ಅವಳು ಅನ್ನ ಬದಲಾಯಿಸ್ತಿದ್ಳೋ ಏನೋ. ಬಾಯಿ ಮುಚ್ಕೊಂಡಿದ್ದೆ. ಅದಕ್ಕೇ ಇವತ್ತು ತೆರೆದೆ,” ಎಂದಳು ಅಜ್ಜಿ. “ಬೆಳಗಾಗೋಕೆ ಇನ್ನೂ ಹೊತ್ತಿದೆ. ಯಾರಿಗಾದ್ರೂ ಹೊಸ ಅನ್ನ ಬೇಯಿಸ್ಬೇಕು ಅಂತಿದ್ರೆ ಈಗ್ಲೇ ಎದ್ದು ಹೋಗ್ಬಹುದು. ಯಾರೂ ಏನೂ ಕೇಳಲ್ಲ.”

ಯಾರ ಹೆಸರನ್ನೂ ಅವಳು ಹೇಳಲಿಲ್ಲ. ಮನಿವೊನ್‌ಗೆ ಕಿವಿಯವರೆಗೂ ಬಿಸಿಯೇರಿತು. ತಾಯಿ ತನ್ನ ಮುಖವನ್ನೇ ನೋಡುತ್ತ ನುಂಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ತಿಳಿದೇ ನುಂಗಿದ್ದಳು ಅಮ್ಮ, ಮೊದಲ ತುತ್ತಿನಿಂದಲೇ ತಿಳಿದಿತ್ತು ಅವಳಿಗೆ. ಮನೆಯಲ್ಲಿ ನಾಳೆ ಮಾರಲೆಂದು ನೆನೆಹಾಕಿದ ಅಕ್ಕಿ ಇತ್ತು. ಅದನ್ನೇ ಬೇಯಿಸಿ, ಅಷ್ಟನ್ನೂ ಅಮ್ಮನಿಗೇ ಕಟ್ಟಿ ತರಬೇಕು. ಪ್ರವಾಸಿಗಳು ಬೇಕಾದರೆ ಬರಿಗೈಯಲ್ಲಿ ನಿಲ್ಲಲಿ.

“ಒಂದು… ಒಂದು ಸಾಮಾನು ಮರೆತು ಬಂದಿದ್ದೀನಿ, ತರ್ತೀನಿ,” ಎನ್ನುತ್ತ ಅವಳು ಬುಟ್ಟಿಯನ್ನು ಎತ್ತಿದಳು.

ಬುಟ್ಟಿ ಹಗುರವಾಗಿ, ಹಾರಿ ಬಂದಂತೆ ಕೈಗೆ ಬಂತು. ಬೆಳಿಗ್ಗೆ ಸೊಂಟ ನೋಯುವಷ್ಟು ಭಾರವಿದ್ದ ಬುಟ್ಟಿ. ಅವಳು ಕಂಬದ ಮರೆಗೆ ತಿರುಗಿ ಬಟ್ಟೆ ಸರಿಸಿದಳು. ಪೊಟ್ಟಣಗಳ ಕಟ್ಟು ಬಿಚ್ಚಿರಲಿಲ್ಲ. ಒಂದನ್ನು ಮುಟ್ಟಿದಳು, ಎಲೆ ಒಳಕ್ಕೆ ಕುಸಿದು, ಸಣ್ಣ ತೂತಿನಿಂದ ಲೋಳೆ ಉಕ್ಕಿ ಅವಳ ಹೆಬ್ಬೆರಳಿಗೆ ಹತ್ತಿತು. ಬೆಚ್ಚಗಿತ್ತು. ಪಕ್ಕದ ಪೊಟ್ಟಣದಲ್ಲೂ ತೂತು, ಅದರ ಪಕ್ಕದ್ದರಲ್ಲೂ. ಅಮ್ಮ ನಾಳೆಯವರೆಗೆ ಕಾದಿರಲಿಲ್ಲ.

“ಯಾಕೇ, ಮುಖ ಹಿಂಗೆ ಬಿಳಿಚ್ಕೊಂಡಿದೆ? ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?” ತೊಂಗ್ದಿ ತನ್ನ ಮುಚ್ಚಳದ ಕುಕ್ಕೆ ತೆರೆದು, ಹೊಸ ಅನ್ನದ ಉಂಡೆಯೊಂದನ್ನು ಬೆರಳಲ್ಲಿ ಒತ್ತಿ ಅವಳ ಬಾಯಿಗೆ ತುರುಕಿದಳು. “ನುಂಗಿ ಆಮೇಲೆ ಹೋಗು. ಮಳೇಲಿ ಬಿದ್ದುಗಿದ್ದೀಯ.”

ಅನ್ನ ಬಿಸಿಯಾಗಿತ್ತು, ಸಿಹಿಯಾಗಿತ್ತು. ಮನಿವೊನ್ ಅಗಿದಳು. ಇನ್ನೂ ಅಗಿದಳು. ಅವಳ ದವಡೆ ಆಡುವುದನ್ನು ಓನ್‌ಕೇವ್ ಅಜ್ಜಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕೊನೆಗೆ ದವಡೆ ನಿಂತಿತು. ಮನಿವೊನ್‌ಳ ತುಟಿಯ ಸುತ್ತ ಸಣ್ಣಗೆ ಒದ್ದೆ ಮಿನುಗುತ್ತಿತ್ತು.

“ತಡವಾಗಿ ಬಾಯಿ ಬಿಟ್ನೇನೋ ಈ ಸಲವೂ,” ಎಂದಳು ಅಜ್ಜಿ ಮೆಲ್ಲಗೆ. “ಹೇಳು ಮಗಳೇ… ನುಂಗೋಕೆ ಏನಾದ್ರೂ ಉಳಿದಿತ್ತಾ?”