ಬಿಚ್ಚಲು ಬರುವ ಲ್ಯಾಪ್‌ಟಾಪ್

ಕಂಪ್ಯೂಟರ್ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಮೇಜಿನ ಬಳಿ ಒಬ್ಬ ಅಪ್ಪ, ಕಾಲೇಜಿಗೆ ಹೊರಟ ಮಗಳು. ಎದುರಿಗೆ ಅವರ ಬಜೆಟ್ಟಿಗೆ ಒಗ್ಗುವ ಎರಡು ಲ್ಯಾಪ್‌ಟಾಪ್: ಒಂದು ತೆಳ್ಳಗೆ, ಇನ್ನೊಂದು ಡುಮ್ಮ. ಅಪ್ಪ ಎರಡನ್ನೂ ಬೋರಲು ಹಾಕಿದರು.

“ಸ್ಕ್ರೀನ್ ಆ ಕಡೆ ಇರತ್ತಪ್ಪಾ.”

“ಗೊತ್ತು ಕಣಮ್ಮ. ಮುಖ ಎಲ್ಲಾರೂ ತೊಳ್ಕೊಂಡೇ ಬಂದಿರ್ತಾರೆ, ಬೆನ್ನು ನೋಡ್ಬೇಕು. ಡುಮ್ಮಂದಕ್ಕೆ ಸ್ಕ್ರೂ ಇದೆ, ಈ ತೆಳ್ಳಂದಕ್ಕೆ ಒಂದೂ ಇಲ್ವಲ್ಲ?”

“ಸೀಲ್ಡ್ ಪೀಸ್ ಸಾsssರ್, ಬಿಚ್ಚೋ ತಾಪತ್ರಯಾನೇ ಇಲ್ಲ,” ಎಂದ ಸೇಲ್ಸ್‌ನವನು, ಮೂಗಿನಲ್ಲೇ ರಾಗ ಎಳೆದು.

“ಮೂವತ್ತು ವರ್ಷ ರೇಡಿಯೋ ಬಿಚ್ಚಿದೋನು ನಾನು.”

“ಮತ್ತೆ ಮುಚ್ಚಿದಾಗೆಲ್ಲ ಎರಡು ಸ್ಕ್ರೂ ಉಳೀತಿತ್ತು,” ಎಂದಳು ಮಗಳು.

“ರೇಡಿಯೋ ಹಾಡ್ತಿತ್ತೋ ಇಲ್ವೋ?”

“ಹಾಡ್ತಿತ್ತು. ನೀನು ಬೆಸುಗೆ ಹಾಕ್ವಾಗ ನಾನು ಟಾರ್ಚ್ ಹಿಡೀತಿದ್ದೆ.”

“ಹಿಡ್ಕೊಂಡೇ ತೂಕಡಿಸ್ತಿದ್ದೆ. ಬೆಳಕೆಲ್ಲ ಗೋಡೆಗೆ.”

ಅಪ್ಪ ಎರಡನ್ನೂ ಮತ್ತೆ ನೆಟ್ಟಗೆ ತಿರುಗಿಸಿಟ್ಟರು.

“ತೆಳ್ಳಂದೇ ತಗೋಮ್ಮ. ಹಾಸ್ಟೆಲಲ್ಲಿ ಎಲ್ಲಾರ ಹತ್ರಾನೂ ಅದೇ ಇರತ್ತೆ. ಕೆಟ್ರೆ ಕಂಪ್ನಿಯೋರು ನೋಡ್ಕೋತಾರೆ. ಇನ್ನು ನನ್ನ ಕೈಗೇನು ಕೆಲಸ?”

ಮಗಳು ತೆಳ್ಳನೆಯದನ್ನು ಪಕ್ಕಕ್ಕೆ ತಳ್ಳಿದಳು. “ಡುಮ್ಮಂದು ಪ್ಯಾಕ್ ಮಾಡಿ.”

“ಭಾರ ಕಣೇ. ನಿನ್ನ ಫ್ರೆಂಡ್ಸ್ ನಗ್ತಾರೆ.”

“ನಗ್ಲಿ. ಕೆಟ್ಟಾಗ್ಲೆಲ್ಲ ಮನೆಗೆ ತರ್ತೀನಿ.”

“ಕೆಡದೇ ಇದ್ರೆ?”

“ನೀನೊಂದ್ಸಲ ಬಿಚ್ಚು, ತಾನಾಗೇ ಕೆಡತ್ತೆ.”

ಅಪ್ಪ ಮಗಳ ತಲೆಗೆ ಮೊಟಕಿದರು. ಡಬ್ಬವನ್ನು ಅವಳ ಕೈಗೆ ಕೊಡದೆ ತಾವೇ ಕಂಕುಳಿಗೆ ಏರಿಸಿಕೊಂಡು, ಯಾವ ಸೈಜಿನ ಸ್ಕ್ರೂಡ್ರೈವರ್ ಬೇಕಾಗಬಹುದೆಂದು ಹೇಳುತ್ತಲೇ ಬಾಗಿಲು ದಾಟಿದರು.