ತೆಂಗಿನ ಬುಡದಲ್ಲಿದ್ದ ತಲೆ

ಎಲೆಕ್ಟ್ರಾನಿಕ್ ಸಿಟಿಯ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನ ಹೊರಗೆ ನನ್ನ ಪಕ್ಕ ಕೂತಿದ್ದ ಹೆಂಗಸಿನ ಮಡಿಲಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಬುರುಡೆಯೊಂದಿತ್ತು. ಅದರ ಕಣ್ಣಿನ ಗುಳಿಯಲ್ಲಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳ ಮೈದುನ ಎದುರಿಗೇ ನಿಂತಿದ್ದ.

“ವೈನಿ, ಮಣ್ಣ ಮಾಡಿದ್ದನ್ನ ಹೊರಗ ತಗೀಬಾರದಿತ್ತು.”

“ಮಣ್ಣ ಮಾಡಾಕ ಯಾರ ಸತ್ತಾರ? ನಿಮ್ಮಣ್ಣ ಒಳಗ ಉಸಿರಾಡಾಕತ್ತಾರ.”

“ಮನ್ಯಾಗ ಬುರುಡಿ ನೋಡಿ ಅವ್ವ ಹೆದರಿದಳು. ವಿಭೂತಿ ಹಚ್ಚಿ, ಮನಿ ಮಾಲಕರ ತೆಂಗಿನ ಗಿಡದ ಬುಡಕ ಹುಗದಳು.”

“ನಿಮ್ಮಣ್ಣನ ಸ್ಕ್ಯಾನ್ ನೋಡಿ ಮಷೀನಿನಾಗ ಪ್ರಿಂಟ್ ಮಾಡಿದ್ದೋ ಬಸಲಿಂಗ. ಸೆಂಟ್ರಿಂಗ್ ಹಲಗಿ ಬಿದ್ದು ಅವರ ತೆಲಿ ಒಡದಿದ್ದು ಇಲ್ಲೇ, ನೋಡು. ಈ ತೂತಿಗೆ ಹೊಂದೂ ಹಂಗ ತಗಡ ಕೂರಸ್ತಾರಂತ. ನಮಗ ತಿಳೀಲಿ ಅಂತ ಡಾಕ್ಟರು ಕೊಟ್ಟಿದ್ರು, ಇವತ್ತ ವಾಪಸ್ ತರಾಕ ಹೇಳಿದ್ರು.”

“ಕಳಕೊಂಡೀವಿ ಅಂತ ಹೇಳು. ಬ್ಯಾರೇದು ಮಾಡ್ಲಿ.”

“ಅಲ್ಲೀತನಕ ಅವರು ಹಂಗ ಮಲಗಿರಬೇಕೇನು?”

“ಅಣ್ಣಗ ಏನರ ಆದ್ರ ಅವ್ವ ನಿನ್ನ ಸುಮ್ನ ಬಿಡೂದಿಲ್ಲ.”

“ನೀ ಬಿಡ್ತೀಯೇನು?”

ಅಷ್ಟರಲ್ಲಿ ಥಿಯೇಟರಿನ ಬಾಗಿಲು ತೆರೆಯಿತು.

“ಗಂಗಪ್ಪನ ಕಡೆಯವ್ರು ಯಾರು? ಮಾಡೆಲ್ ತಂದ್ರಾ?” ನರ್ಸ್ ಬುರುಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. “ಇದೇನ್ರೀ, ಇಷ್ಟು ಮಣ್ಣು?”

ಹೆಂಗಸು ತಲೆ ತಗ್ಗಿಸಿದಳು. ಒಳಗೆ ಹೊರಟ ನರ್ಸಿನ ಹಿಂದೆ ಹೆಜ್ಜೆ ಹಾಕುತ್ತಾ ಬಸಲಿಂಗನೇ ಹೇಳಿದ.

“ಕೆಳಗ ಬಿದ್ದಿತ್ರಿ ಮೇಡಂ. ನಾವ ಎತ್ತಿಕೊಂಡ ಬಂದೀವಿ.”